ಕರಡಿಯ ನಾಡಿಗೆ ಪ್ರಯಾಣಸನ್ನಾಹ

ಮೈಸೂರಿನಿಂದ ನೈಋತ್ಯಕ್ಕೆ ೫೦ ಕಿಲೋಮೀಟರಿಗೆ ಸ್ವಲ್ಪ ಒಳಗಾಗಿ, ಹೆಗ್ಗಡದೇವನಕೋಟೆಯ ಹೊರವಲಯದಲ್ಲಿ, ಹ್ಯಾಂಡ್‌ಪೋಸ್ಟ್ ಎಂಬ ಊರಿದೆ. ಇದು ಕೆರೆ, ಗುಡಿ, ಅಗ್ರಹಾರಗಳ ಸುತ್ತ ಬೆಳೆದ ಹಳೆಯ ಗ್ರಾಮವಲ್ಲ. ದಾರಿಗಳು ಕೂಡಿದೆಡೆ ಅಂಗಡಿಗಳು ಕೂಡಿ, ಅಂಗಡಿಗಳ ಬೆನ್ನಿಗೆ ಮನೆಗಳು ಕೂಡಿ ಆದ ನೆಲೆ. ಹಿಂದಿನ ಕಾಲದಲ್ಲಿ ದಾರಿ ಒಡೆಯುವ ಕಡೆಗಳಲ್ಲಿ ಕೈಚಾಚಿದಂತೆ ಹಲಗೆಗಳನ್ನು ಹೊಡೆದ ಕಂಬವನ್ನು ನೆಡುತ್ತಿದ್ದರು. ಇಲ್ಲಿ ಆ ಕಂಬದ ಇಂಗ್ಲಿಷ್ ಹೆಸರೇ ಊರಿನ ಹೆಸರಾಗಿ ನಿಂತಿತು. ಇಂಥ ಸ್ಥಳವನ್ನೇ ದಕ್ಷಿಣ ಕನ್ನಡದವರು ಕೈಕಂಬವೆಂದೂ ಚಿಕ್ಕಮಗಳೂರಿನವರು ಕೈಮರವೆಂದೂ ಕರೆದು ಕನ್ನಡವನ್ನು ಉಳಿಸಿಕೊಂಡಿದ್ದಾರೆ. ಕೋಟೆಯ ಪೇಟೆಗೆ, ಸರಗೂರಿಗೆ, ಅಂತರಸಂತೆಯನ್ನು ದಾಟಿ ಕಾಡಿನೊಳಗಾಗಿ ಮಾನಂದವಾಡಿಗೆ ಹೋಗುವವರೆಲ್ಲ ಇಲ್ಲಿ ಒಂದು ಗಳಿಗೆ ನಿಂತು ತಮ್ಮ ತಮ್ಮ ದಾರಿ ಹಿಡಿಯುತ್ತಾರೆ.

ನಾವು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಈ ಸೀಮೆಯ ಶಾಲೆಗಳಲ್ಲಿ ಪಾಠ ಹೇಳಿ, ನಿವೃತ್ತರಾದ ಮೇಲೆ ಇಲ್ಲಿಯೇ ಒಂದು ಸಣ್ಣ ಮನೆ ಮಾಡಿಕೊಂಡು ನಿಂತಿದ್ದೇವೆ. ಜಗಲಿಯಲ್ಲಿ ಕುಳಿತವರನ್ನು ದಾರಿಹೋಕರು ದಾರಿ ಕೇಳುವುದು ಲೋಕರೂಢಿ. ಹೇಳುವುದು ನಮ್ಮ ಈಗಿನ ಉದ್ಯೋಗ. ಆದರೆ ಕಳೆದ ಡಿಸೆಂಬರಿನಲ್ಲಿ ಬಂದ ಒಬ್ಬ ಪ್ರಯಾಣಿಕನು ಕೇಳಿದ ದಾರಿಯನ್ನು ತೋರಿಸುವುದು ನಮ್ಮಿಂದಾಗಲಿಲ್ಲ. ಆ ವೃತ್ತಾಂತವನ್ನು ಓದುಗರ ಮುಂದಿಡುತ್ತೇವೆ.

ಆ ಪ್ರಯಾಣಿಕನು ನಮ್ಮ ತಂಗಿಯ ಮಗ. ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಹುಟ್ಟಿ ಬೆಳೆದವನು, ವಯಸ್ಸು ೨೪. ಮನೆಯಲ್ಲಿ ಕನ್ನಡವನ್ನೇ ಆಡುವ ಪದ್ಧತಿಯನ್ನು ನಮ್ಮ ತಂಗಿ ಬಿಡದೆ ನಡೆಸಿದ್ದರಿಂದ ಹುಡುಗನ ಮಾತಿಗೆ ತೊಡಕಿಲ್ಲ. ಬಂದ ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಅವನು ತನ್ನ ಮನೋರಥವನ್ನು ಬಿಚ್ಚಿದನು.

"ಮಾವ, ಕಬಿನಿ ಹಿನ್ನೀರಿನಲ್ಲಿ ಮೂರು ರಾತ್ರಿ. ಒಂದು ದೋಣಿ, ಒಂದು ಡೇರೆ, ಇಬ್ಬರಿಗೆ ಆಗುವಷ್ಟು ಊಟದ ಸಾಮಾನು. ಹಗಲು ದೋಣಿ ನಡೆಸುವುದು, ಸಂಜೆ ದಡ ಸೇರಿ ಮಲಗುವುದು. ಕರಡಿಯಿರುವ ಕಾಡಿನಲ್ಲಿ ಮಲಗುವುದು ನನಗೆ ಹೊಸದಲ್ಲ. ನೀವೂ ಬರಬೇಕು."

ಒಳಗಿನಿಂದ ನಮ್ಮ ಮನೆಯವರ ಧ್ವನಿ ಕೇಳಿಸಿತು: "ವಾನಪ್ರಸ್ಥಕ್ಕೆ ಹೊರಡುವವರು ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಬಹುದೆಂದು ಶಾಸ್ತ್ರವಿದೆಯೆಂದು ಕೇಳಿದ್ದೇನೆ, ಅಳಿಯನನ್ನು ಕರೆದುಕೊಂಡು ಹೋಗಬೇಕೆಂದು ಎಲ್ಲಿಯೂ ಕೇಳಿಲ್ಲ."

ಹುಡುಗನು ನಕ್ಕನು, ಆದರೆ ಅವನ ಆಸೆ ಆಟದ್ದಾಗಿರಲಿಲ್ಲ. ಟೊರಾಂಟೊವಿನಿಂದ ಉತ್ತರಕ್ಕೆ ಅಲ್ಗಾಂಕ್ವಿನ್ ಎಂಬ ದೊಡ್ಡ ಅರಣ್ಯೋದ್ಯಾನವಿದೆ. ೧೮೯೩ರಲ್ಲಿ ಸ್ಥಾಪಿತವಾದುದು, ವಿಸ್ತೀರ್ಣ ೭,೬೦೦ ಚದರ ಕಿಲೋಮೀಟರಿಗೂ ಹೆಚ್ಚು. ಸರೋವರಗಳ ಮೇಲೆ ಸರೋವರಗಳು. ಜನರು ಕ್ಯಾನೂ ಎಂಬ ಹಗುರವಾದ, ಎರಡು ತುದಿಯೂ ಚೂಪಾದ ದೋಣಿಯಲ್ಲಿ ಒಂದನ್ನು ದಾಟಿ, ನೆಲ ಬಂದಾಗ ದೋಣಿಯನ್ನೇ ತಲೆಯ ಮೇಲೆ ಹೊತ್ತು ನಡೆದು, ಮತ್ತೊಂದು ಸರೋವರಕ್ಕೆ ಇಳಿಸುತ್ತಾರೆ. ಅಲ್ಲಿ ಕಪ್ಪುಕರಡಿಗಳುಂಟು. ಅನುಮತಿ ಪಡೆದು, ಗೊತ್ತುಮಾಡಿದ ತಾಣಗಳಲ್ಲಿ ಡೇರೆ ಹಾಕಿ ಮಲಗುವುದು ಅಲ್ಲಿಯ ಗೃಹಸ್ಥರಿಗೆ ನಮ್ಮ ತೀರ್ಥಯಾತ್ರೆಯಷ್ಟೇ ಸಹಜ. ಹುಡುಗನು ತಂದೆಯೊಡನೆ ಹತ್ತನೆಯ ವಯಸ್ಸಿನಿಂದ ಹೋಗುತ್ತಿದ್ದಾನೆ. ಈ ಸುಖವನ್ನು ತಾಯಿಯ ಊರಿನ ನೀರಿನ ಮೇಲೆ ಒಮ್ಮೆ ಪಡೆಯಬೇಕೆಂಬುದು ಅವನ ಹಂಬಲ.

ಕೂಡದೆಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಾಗಿತ್ತು. ಆದರೆ ಉತ್ತರವನ್ನು ಮೊದಲೇ ಹೇಳಿಕೊಟ್ಟು ಲೆಕ್ಕ ಮಾಡಿಸುವ ಉಪಾಧ್ಯಾಯನು ಲೆಕ್ಕವನ್ನು ಕಲಿಸಿದಂತಾಗುವುದಿಲ್ಲ. ಒಂದು ಹಾಳೆಯನ್ನು ತರಿಸಿದೆವು. ಬೇಕಾದುದನ್ನು ಒಂದೊಂದಾಗಿ ಬರೆ, ವಿಚಾರ ಮಾಡೋಣ ಎಂದೆವು.

ಮೊದಲನೆಯದು ದೋಣಿ. ಕ್ಯಾನೂ ನಮ್ಮಲ್ಲಿ ದುರ್ಲಭ, ನಮ್ಮದು ಹರಿಗೋಲು. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹಿಂದೆ ತೊಗಲನ್ನೂ ಈಗ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿ ಟಾರು ಬಳಿದ ದುಂಡು ದೋಣಿ. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ತುಂಗಭದ್ರೆಯ ಹರಿಗೋಲುಗಳನ್ನು ನೋಡಿ, ಹದಿನೈದಿಪ್ಪತ್ತು ಜನ ಹಿಡಿಸುವ ಇವು ನೆಟ್ಟಗೆ ಹೋಗಲಾರದೆ ತಿರುಗುತ್ತಲೇ ಹೋಗುತ್ತವೆಂದು ಬರೆದಿದ್ದಾನೆ. ಐನೂರು ವರ್ಷಗಳಾದರೂ ಅದರ ಸ್ವಭಾವ ಬದಲಾಗಿಲ್ಲ. ಹೊಳೆಯನ್ನು ಅಡ್ಡ ದಾಟುವುದಕ್ಕೆ ಇದಕ್ಕಿಂತ ಉತ್ತಮವಾದ ಸಾಧನವಿಲ್ಲ. ಗಾಳಿ ಬೀಸುವ ಅಗಲವಾದ ಹಿನ್ನೀರಿನಲ್ಲಿ ದಿನವೆಲ್ಲ ಮುಂದೆ ಸಾಗುವುದಕ್ಕೆ ಇದು ತಕ್ಕುದಲ್ಲ.

ಎರಡನೆಯದು ನೀರು. ವೈನಾಡಿನಲ್ಲಿ ಹುಟ್ಟಿ, ನಂಜನಗೂಡನ್ನು ಹಾದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಕಪಿಲೆಗೆ ಬೀಚನಹಳ್ಳಿಯ ಬಳಿ ಅಣೆಕಟ್ಟು ಪೂರ್ತಿಯಾದುದು ೧೯೭೪ರಲ್ಲಿ. ತುಂಬಿದಾಗ ೧೯.೫ ಟಿ.ಎಂ.ಸಿ. ನೀರು ನಿಲ್ಲುತ್ತದೆ. ಮುಳುಗಿದ ಕಾಡಿನ ಮರಗಳಲ್ಲಿ ಎಷ್ಟೋ ಇಂದಿಗೂ ಒಣಗಿ ನೀರಿನ ನಡುವೆ ನಿಂತಿವೆ. ಇನ್ನೆಷ್ಟೋ ಮರಗಳ ಬೊಡ್ಡೆಗಳು ನೀರಿನ ಕೆಳಗೆ ಕಾಣದಂತಿವೆ. ಮೊಸಳೆಗಳುಂಟು. ಬೇಸಿಗೆಯಲ್ಲಿ ನೀರು ಇಳಿದು ದಡದಲ್ಲಿ ಹಸಿರು ಹುಲ್ಲು ಎದ್ದಾಗ ಎರಡು ಕಡೆಯ ಕಾಡುಗಳಿಂದಲೂ ಆನೆಗಳು ನೂರುಗಟ್ಟಲೆ ಇಳಿಯುತ್ತವೆ. ಡೇರೆ ಹಾಕಲು ನೋಟಕ್ಕೆ ಯಾವ ದಡ ಚೆನ್ನವೋ ಅದೇ ಆನೆಯ ದಾರಿ.

"ಕರಡಿಯೊಂದನ್ನೇ ಎಣಿಸಿಕೊಂಡು ಬಂದೆ ಮಾವ," ಎಂದನು ಹುಡುಗ, ಬರೆಯುವುದನ್ನು ನಿಲ್ಲಿಸಿ.

ಕರಡಿಯ ವಿಷಯಕ್ಕೆ ಬಂದಾಗ ಅವನ ಹಾಳೆ ತುಂಬಿತು. ಆಹಾರವನ್ನೂ ಸೋಪನ್ನೂ ಒಂದೇ ಚೀಲದಲ್ಲಿ ಹಾಕಿ ಡೇರೆಯಿಂದ ದೂರದಲ್ಲಿ ಎತ್ತರವಾದ ಕೊಂಬೆಗೆ ತೂಗುಹಾಕಬೇಕು, ಮಲಗುವೆಡೆ ಅಡಿಗೆ ಮಾಡಕೂಡದು, ಎಂಜಲು ಬಿಡಕೂಡದು. ಒಮ್ಮೆ ಮನುಷ್ಯರ ಅನ್ನದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬಂದು, ಕೊನೆಗೆ ಅದನ್ನು ಕೊಲ್ಲಬೇಕಾಗುತ್ತದೆಯಂತೆ. ಅಲ್ಲಿಯ ನಿಯಮವೆಲ್ಲ ಕರಡಿಯ ಹಸಿವನ್ನು ಕುರಿತದ್ದು. ಇದು ವಿವೇಕವೇ, ನಾವು ಮೆಚ್ಚಿದೆವು. ಆದರೆ ನಮ್ಮ ಕರಡಿ ಬೇರೆ ಜಾತಿಯದು. ಅದರ ಸ್ವಭಾವವನ್ನು ಹೇಳಬಲ್ಲವರು ನಾವಲ್ಲವೆಂದು, ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿಕಳುಹಿಸಿದೆವು.

ಅವನು ಜೇನುಕುರುಬರವನು, ವಯಸ್ಸು ೪೫ ಇದ್ದೀತು. ಅರಣ್ಯದಲ್ಲಿ ಕಳ್ಳಬೇಟೆಯನ್ನು ತಡೆಯುವ ಕಾವಲಿನ ಕೆಲಸ ಮಾಡುತ್ತಾನೆ. ಸಂಜೆ ಬಂದು, ಎಷ್ಟು ಹೇಳಿದರೂ ಕುರ್ಚಿಯಲ್ಲಿ ಕೂರದೆ ಜಗಲಿಯ ಅಂಚಿನಲ್ಲಿ ಕುಳಿತು, ಹುಡುಗನ ಹಾಳೆಯನ್ನು ಓದಿಸಿ ಕೇಳಿದನು.

"ಅನ್ನದ ಚೀಲ ಮರಕ್ಕೆ ಕಟ್ಟುವುದು ಒಳ್ಳೆಯದೇ ಮೇಷ್ಟ್ರೇ, ಆನೆ ಬರುವುದಾದರೆ ಅದೂ ಸಾಲದು. ಆದರೆ ನಮ್ಮ ಕರಡಿಗೆ ನಿಮ್ಮ ಅನ್ನದ ಗೊಡವೆ ಕಡಿಮೆ. ಅದಕ್ಕೆ ಗೆದ್ದಲು ಬೇಕು, ಜೇನು ಬೇಕು, ನೇರಳೆ, ಎಲಚಿ, ಕಕ್ಕೆಕಾಯಿ ಬೇಕು. ತಲೆ ತಗ್ಗಿಸಿಕೊಂಡು ಹುತ್ತ ಅಗೆಯುತ್ತಿರುತ್ತದೆ. ಗಾಳಿ ನಮ್ಮ ಕಡೆಗಿದ್ದರೆ ನಮ್ಮ ವಾಸನೆ ಅದಕ್ಕೆ ಹತ್ತುವುದಿಲ್ಲ, ಕಣ್ಣು ಮಂದ. ಹತ್ತು ಮಾರು ದೂರಕ್ಕೆ ಹೋಗುವವರೆಗೂ ಅದಕ್ಕೆ ಗೊತ್ತಾಗುವುದಿಲ್ಲ. ಗೊತ್ತಾದಾಗ ಹೆದರುತ್ತದೆ, ಹೆದರಿದರೆ ಓಡುವುದರ ಬದಲು ಮೇಲೆ ಬೀಳುತ್ತದೆ."

ಅವನು ಹೇಳಿದುದೆಲ್ಲ ಪ್ರಾಣಿಶಾಸ್ತ್ರಜ್ಞರ ಬರೆಹಕ್ಕೆ ಒಪ್ಪುವಂಥದು. ನಮ್ಮ ಕರಡಿಯ ಮೇಲ್ದವಡೆಯ ನಡುಹಲ್ಲುಗಳೆರಡು ಇಲ್ಲ. ಆ ಸಂದಿನಿಂದ, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಹುತ್ತದ ಮಣ್ಣನ್ನು ಊದಿ ಗೆದ್ದಲನ್ನು ಹೀರುತ್ತದೆ. ಅಗೆಯುವುದಕ್ಕಾಗಿಯೇ ಬೆಳೆದ ಉಗುರುಗಳು ಮೂರು ಅಂಗುಲವಿರುತ್ತವೆ. ಗಂಡುಕರಡಿ ೧೪೫ ಕಿಲೋಗ್ರಾಂವರೆಗೆ ತೂಗಬಹುದು. ಕೆನಡಾದ ಕರಡಿಯಂತೆ ಇದಕ್ಕೆ ಚಳಿಗಾಲದ ದೀರ್ಘನಿದ್ರೆಯಿಲ್ಲ. ಹನ್ನೆರಡು ತಿಂಗಳೂ ಸಂಚಾರವೇ. ತಾಯಿಕರಡಿ ಮರಿಗಳನ್ನು ಬೆನ್ನಿನ ಮೇಲೆ ಹೊತ್ತು ತಿರುಗುತ್ತದೆ; ಆಗ ಅದರ ಎದುರು ಬೀಳುವುದು ಬಹಳ ಅಪಾಯಕರ. ಗಣೇಶನ ಹಬ್ಬದಲ್ಲಿ ಶ್ಯಮಂತಕದ ಕಥೆಯನ್ನು ಓದುವ ಮನೆಗಳಲ್ಲಿ ಇದು ತಿಳಿಯದ ವಿಷಯವಲ್ಲ. ಜಾಂಬವಂತನು ಮಣಿಯನ್ನು ತನ್ನ ಮಗುವಿಗೆ ಆಟಕ್ಕೆ ಕೊಟ್ಟಿದ್ದನು; ಮರಿಯಿರುವ ಗುಹೆಯನ್ನು ಹೊಕ್ಕುದರಿಂದ ಶ್ರೀಕೃಷ್ಣನಂಥವನಿಗೂ ೨೮ ದಿನ ಹೋರಾಡಬೇಕಾಯಿತು.

"ಎದುರಾದರೆ ಮರ ಹತ್ತಬಹುದೆ?" ಎಂದು ಹುಡುಗ ಕೇಳಿದನು.

ಹಳೆಯ ವಿದ್ಯಾರ್ಥಿಯು ನಮ್ಮ ಮುಖ ನೋಡಿ ಮುಗುಳ್ನಕ್ಕನು. "ಮೇಷ್ಟ್ರು ಮೂರನೇ ತರಗತಿಯಲ್ಲಿ ಪಾಠ ಹೇಳಿದ್ದರು. ಇಬ್ಬರು ಗೆಳೆಯರು, ಒಬ್ಬ ಮರ ಹತ್ತಿದ, ಒಬ್ಬ ಸತ್ತಂತೆ ಮಲಗಿದ. ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಬಿದ್ದುಬಿದ್ದು ನಕ್ಕ. ಜೇನಿಗೋಸ್ಕರ ನಮಗಿಂತ ಮೊದಲು ಮರ ಹತ್ತುವುದು ಕರಡಿಯೇ, ಅಂದ. ನಾಳೆ ಹೋಗಿ ಮೇಷ್ಟ್ರಿಗೆ ಹೇಳು ಅಂದ. ನನಗೆ ಧೈರ್ಯ ಬರಲಿಲ್ಲ."

ಮೂವತ್ತು ವರ್ಷ ಒಂದೇ ಕಥೆಯನ್ನು ಹೇಳಿ, ಕಾಡಿನ ಮಕ್ಕಳಿಗೆ ಕರಡಿಯ ವಿಷಯದಲ್ಲಿ ತಪ್ಪು ಪಾಠ ಹೇಳಿದೆವೆಂಬುದು ಆ ಸಂಜೆ ನಮಗೆ ತಿಳಿಯಿತು. ಮೂವತ್ತೈದು ವರ್ಷ ತಡವಾಗಿ ಬಂದ ತಿದ್ದುಪಡಿಯನ್ನು ಹಾಳೆಯಲ್ಲಿ ಬರೆಸಿದೆವು: ಒಬ್ಬನೇ ಹೋಗಕೂಡದು, ಪೊದೆಗಳ ನಡುವೆ ಮಾತನಾಡುತ್ತ ನಡೆಯಬೇಕು, ಬೆಳಗಿನ ಜಾವ, ಮುಸ್ಸಂಜೆಗಳಲ್ಲಿ ಹೊರಡಕೂಡದು, ಕಂಡರೆ ಓಡದೆ ನಿಧಾನವಾಗಿ ಹಿಂದೆ ಸರಿಯಬೇಕು, ಮೇಲೆ ಬಿದ್ದೇ ಬಿಟ್ಟರೆ ಮುಖ ಅಡಿಯಾಗಿ ಮಲಗಿ ಕತ್ತನ್ನೂ ತಲೆಯನ್ನೂ ಕೈಗಳಿಂದ ಮುಚ್ಚಿಕೊಳ್ಳಬೇಕು. ಅಲ್ಲಿಯ ಕರಡಿಗೆ ಆಸೆ ತೋರಿಸಬಾರದು. ಇಲ್ಲಿಯ ಕರಡಿಗೆ ದಿಗಿಲು ಹುಟ್ಟಿಸಬಾರದು. ಎರಡು ಪ್ರಯಾಣಸನ್ನಾಹಗಳ ಭೇದ ಇಷ್ಟೇ.

ಉಳಿದುದು ಅನುಮತಿ. ಮರುದಿನ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿದೆವು. ಅಧಿಕಾರಿಗಳು ಕೂರಿಸಿ ಮರ್ಯಾದೆಯಿಂದ ವಿವರಿಸಿದರು. ಹಿನ್ನೀರಿನ ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ; ಎರಡೂ ಹುಲಿಯ ರಕ್ಷಿತಾರಣ್ಯಗಳು. ನಾಗರಹೊಳೆ ೧೯೫೫ರಲ್ಲಿ ವನ್ಯಧಾಮವಾಗಿ, ೧೯೮೮ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು; ವಿಸ್ತೀರ್ಣ ೬೪೩ ಚದರ ಕಿಲೋಮೀಟರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಒಳಗೆ ಕಾಲಿಡುವುದೇ ಅಪರಾಧ. ಸ್ವಂತ ದೋಣಿ, ದಡದಲ್ಲಿ ಡೇರೆ, ರಾತ್ರಿವಾಸಗಳಿಗೆ ಅವಕಾಶವಿಲ್ಲ. ಗೊತ್ತಾದ ಹೊತ್ತಿನಲ್ಲಿ, ಗೊತ್ತಾದ ವಾಹನದಲ್ಲೋ ದೋಣಿಯಲ್ಲೋ ಹೋಗಿ ನೋಡಿ ಬರಬಹುದು. ಹುಡುಗನು ಮನಸ್ಸಿನಲ್ಲೇ ಲೆಕ್ಕ ಹಾಕಿದನು. ಅವನ ಅಲ್ಗಾಂಕ್ವಿನ್ ನಮ್ಮ ನಾಗರಹೊಳೆಯ ಸುಮಾರು ಹನ್ನೆರಡರಷ್ಟು. ಇಷ್ಟು ಸಣ್ಣ ಜಾಗದಲ್ಲಿ ಹುಲಿ, ಆನೆ, ಚಿರತೆ, ಕಾಟಿ, ಕರಡಿಗಳೆಲ್ಲ ಇರುವಾಗ ಡೇರೆಗೆ ಸ್ಥಳವೆಲ್ಲಿ ಎಂದು ತಾನೇ ಹೇಳಿದನು. ಆದರೂ ಅವನ ಮುಖ ಬಾಡಿತು.

ಹೊರಗೆ ಕಾದಿದ್ದ ಹಳೆಯ ವಿದ್ಯಾರ್ಥಿಯು ಅದನ್ನು ಕಂಡು, "ಕಾಡಿನಲ್ಲಿ ಮಲಗಲು ಬಿಡದಿದ್ದರೆ ನಮ್ಮ ಹಾಡಿಯಲ್ಲಿ ಮಲಗಲಿ. ಕಾಡು ಅಲ್ಲಿಗೇ ಬರುತ್ತದೆ," ಎಂದನು. ಹಾಗೆ ನಾವು ಅವನ ಮನೆಗೆ ಹೋದೆವು.

ಅಂತರಸಂತೆಯನ್ನು ದಾಟಿ, ದೊಡ್ಡ ದಾರಿಯಿಂದ ಒಳಕ್ಕೆ, ಕಾಡಂಚಿನಲ್ಲಿ ಮೂವತ್ತು ಮನೆಗಳ ಹಾಡಿ. ಮನೆಯ ಮುಂದೆ ಅವನ ತಾಯಿ ರಾಗಿ ಕೇರುತ್ತ ಕುಳಿತಿದ್ದಳು. ಎಪ್ಪತ್ತು ಮೀರಿದ ಮುದುಕಿ. ಮಗನ ಮೇಷ್ಟ್ರು ಬಂದರೆಂದು ಮೊರವನ್ನು ಇಟ್ಟು ಎದ್ದಳು. ಹುಡುಗನು ಯಾರು, ಏತಕ್ಕೆ ಬಂದನು ಎಂದು ಕೇಳಿದಳು. ಮಗನು ಹೇಳಿದನು. ಮುದುಕಿ ಸ್ವಲ್ಪ ಹೊತ್ತು ಹುಡುಗನನ್ನೇ ನೋಡುತ್ತಿದ್ದಳು.

"ನೀವು ಮಲಗ್ಬೇಕು ಅಂದ್ರಲ್ಲ, ಆ ನೀರಿನ ಅಡೀಲೇ ನಾನು ಹುಟ್ಟಿದ್ದು," ಎಂದಳು.

ಆಮೇಲೆ ಅವಳು ಹೇಳಿದುದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇವೆ. ಹೊಳೆಯ ಮಗ್ಗುಲಲ್ಲಿ ಹತ್ತು ಹನ್ನೆರಡು ಗುಡಿಸಲುಗಳ ಹಾಡಿ. ಜೇನಿನ ಕಾಲದಲ್ಲಿ ಅಪ್ಪನು ಹತ್ತುತ್ತಿದ್ದ ಒಂದು ದೊಡ್ಡ ಮರ. ಅದರಡಿಯಲ್ಲಿ ಪೂಜೆಯ ಕಲ್ಲು. ಕಾಕನಕೋಟೆಯಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆದಾಗ ಗಂಡಸರೆಲ್ಲ ಆನೆ ಅಟ್ಟಲು ಹೋಗುತ್ತಿದ್ದರು. ಕೊನೆಯ ಖೆಡ್ಡಾ ಆದುದು ೧೯೭೧ರಲ್ಲಿ. ಬಳಿಕ ನೀರು ಏರಿತು. ಇವರು ಇನ್ನೂ ಮೇಲಕ್ಕೆ, ಕಾಡಿನೊಳಕ್ಕೆ ಸರಿದರು. ಕೆಲವು ವರ್ಷಗಳಾದ ಮೇಲೆ ಕಾಡು ಪ್ರಾಣಿಗಳಿಗೆ ಮೀಸಲಾಯಿತೆಂದು ಅಲ್ಲಿಂದಲೂ ಹೊರಬಂದರು. ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷ ಆ ಪೂಜೆಯ ಕಲ್ಲು ಕಾಣುತ್ತದೆ. ಕಾವಲಿಗೆ ಹೋದ ಮಗನು ನೋಡಿ ಬಂದು ಹೇಳುತ್ತಾನೆ. ಅವಳು ತಾನೇ ನೋಡಿ ಮೂವತ್ತು ವರ್ಷಗಳಾದುವು.

"ಮೂರು ರಾತ್ರಿ ಅಲ್ಲಿ ಮಲಗೋಕೆ ಅಂತ ಅಷ್ಟು ದೂರದಿಂದ ಬಂದೆಯಾ ಮಗ?" ಎಂದು ಹುಡುಗನನ್ನು ಕೇಳಿದಳು. "ನಿಂಗೆ ಚೀಟಿ ಕೊಟ್ರೆ ನಂಗೂ ಒಂದು ಬರೆಸ್ಕೊಂಡು ಬಾ."

ಅವಳು ಇದನ್ನು ಕೊಂಕಿಗೆ ಹೇಳಲಿಲ್ಲ. ಅದರಿಂದಲೇ ನಮಗೆ ಉತ್ತರ ತೋಚಲಿಲ್ಲ.

ಅರಣ್ಯವೆಂಬ ಶಬ್ದ ಅರಣವೆಂಬುದರಿಂದ ಬಂದಿತು. ಅರಣವೆಂದರೆ ದೂರದ್ದು, ಪರಕೀಯವಾದುದು. ಊರಿನಲ್ಲಿ ಕುಳಿತು ಗ್ರಂಥ ಬರೆದವರಿಗೆ ಕಾಡು ಅನ್ಯಸ್ಥಳವಾಗಿತ್ತು. ನಾವೂ ಮಕ್ಕಳಿಗೆ ಹಾಗೆಯೇ ವ್ಯುತ್ಪತ್ತಿ ಹೇಳಿದೆವು. ಯಾರಿಗೆ ಅನ್ಯಸ್ಥಳ ಎಂದು ಕೇಳಿಕೊಂಡವರಲ್ಲ. ತರಗತಿಯ ಕೊನೆಯ ಸಾಲಿನಲ್ಲಿ ಈ ಮುದುಕಿಯ ಮಗನು ಕುಳಿತಿದ್ದನು. ಕಾಡಿನಲ್ಲಿ ನೆಲೆಸಿದವರ ಹಕ್ಕುಗಳನ್ನು ಒಪ್ಪುವ ಕಾಯಿದೆ ೨೦೦೬ರಲ್ಲಿ ಬಂದಿದೆ. ಅರ್ಜಿಗಳು, ವಾದಗಳು ನಡೆದಿವೆ. ೨೦೨೫ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲು ಎಂಬಲ್ಲಿ ಜೇನುಕುರುಬರ ಕುಟುಂಬಗಳು ತಮ್ಮ ಹಳೆಯ ನೆಲೆಗೆ ಮರಳಿ ಹೋಗಿ ನಿಂತ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೆವು. ಹುಲಿಗೂ ಸ್ಥಳ ಬೇಕು. ಅದನ್ನು ಅಲ್ಲಗಳೆಯುವಷ್ಟು ಅವಿವೇಕಿಗಳು ನಾವಲ್ಲ. ಆದರೆ ಓದಿದ ಸುದ್ದಿ ಬೇರೆ, ಮೊರದ ಮುಂದೆ ಕುಳಿತವಳು ಕೇಳಿದ ಚೀಟಿ ಬೇರೆ.

ಆ ರಾತ್ರಿ ಹುಡುಗನು ಡೇರೆಯನ್ನು ಬಿಚ್ಚಲಿಲ್ಲ. ಬೆಳಿಗ್ಗೆ ಎದ್ದವನೇ, "ಮಾವ, ಪ್ರವಾಸಿಗರ ದೋಣಿಯಲ್ಲಿ ನಾಲ್ಕು ಸ್ಥಳ ಸಿಕ್ಕುತ್ತದೆಯೆ?" ಎಂದು ಕೇಳಿದನು. ಮೂರು ರಾತ್ರಿಯ ಸಾಮಾನಿಗೆಂದು ತೆಗೆದಿಟ್ಟಿದ್ದ ಹಣ ಅದಕ್ಕೆ ಸರಿಹೋಯಿತು. ಮೂರನೆಯ ದಿನ ಮಧ್ಯಾಹ್ನ ನಾವು, ಹುಡುಗ, ರಜೆ ಪಡೆದ ಹಳೆಯ ವಿದ್ಯಾರ್ಥಿ, ಅವನ ತಾಯಿ ನಾಲ್ವರೂ ಕಾರಾಪುರದ ಕಡೆಯಿಂದ ದೋಣಿ ಹತ್ತಿದೆವು. ಮುದುಕಿ ತೊಳೆದ ಸೀರೆ ಉಟ್ಟು, ಎದೆಗೆ ಕಟ್ಟಿದ ಕಿತ್ತಳೆ ಬಣ್ಣದ ತೇಲುಕವಚವನ್ನು ಎರಡು ಕೈಗಳಿಂದಲೂ ಹಿಡಿದು ಕುಳಿತಿದ್ದಳು.

ದೋಣಿಯ ದಾರಿ ಅವಳ ಹಾಡಿಯ ಹತ್ತಿರ ಹೋಗುವುದೋ ಇಲ್ಲವೋ ನಮಗೆ ತಿಳಿದಿರಲಿಲ್ಲ. ನೀರು ತುಂಬಿತ್ತು. ದಡದಲ್ಲಿ ಮರಿಗಳೊಡನೆ ಆನೆಯ ಹಿಂಡೊಂದು ಇಳಿದು ನಿಂತಿತ್ತು. ಮರಳಿನ ದಿಣ್ಣೆಯ ಮೇಲೆ ಮೊಸಳೆ ಬಾಯಿ ತೆರೆದು ಬಿದ್ದಿತ್ತು. ಜೊತೆಯ ಪ್ರವಾಸಿಗರು ಹುಲಿಗಾಗಿ ದಡವನ್ನು ಹುಡುಕುತ್ತಿದ್ದರು. ಮುದುಕಿಯು ದಡವನ್ನು ನೋಡಲೇ ಇಲ್ಲ. ನೀರಿನಲ್ಲಿ ನಿಂತ ಒಣಮರಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಮುಕ್ಕಾಲು ಗಂಟೆಯಾದ ಮೇಲೆ ಮಗನ ತೋಳನ್ನು ಮುಟ್ಟಿ, ದೂರದ ಒಂದು ಮರವನ್ನು ತೋರಿಸಿದಳು. ಎರಡು ಕವಲಿನ ಬೋಳುಮರ. ಒಂದು ಕವಲಿನ ಮೇಲೆ ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು.

"ಅಪ್ಪ ಹತ್ತುತಿದ್ದ ಮರ," ಎಂದಳು.

ನಿಜವಾಗಿ ಅದೇ ಮರವೋ, ಐವತ್ತು ವರ್ಷಗಳ ನೆನಪು ತೋರಿಸಿದ ಮರವೋ ನಾವು ಹೇಳಲಾರೆವು. ದೋಣಿ ನಡೆಸುವವನು, ಮಾತನ್ನು ಕೇಳಿಸಿಕೊಂಡನೆಂದು ತೋರುತ್ತದೆ, ಯಂತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸಿದನು. ಮುದುಕಿಯು ನೀರಿನ ಕಡೆಗೆ ಕೈಮುಗಿದಳು. ಬಳಿಕ ದೋಣಿ ತಿರುಗಿತು. ಅಂದು ನಮಗೆ ಹುಲಿಯೂ ಕಾಣಲಿಲ್ಲ, ಕರಡಿಯೂ ಕಾಣಲಿಲ್ಲ.

ರಾತ್ರಿ ಹಾಡಿಯಲ್ಲಿಯೇ ಉಳಿದೆವು. ಮುದ್ದೆ, ಸೊಪ್ಪಿನ ಸಾರು, ಕೊನೆಗೆ ತುಡುವೆಜೇನು. ಬೆಳಗಿನ ಜಾವ ಎಚ್ಚರವಾಗಿ ಹೊರಗೆ ಬಂದಾಗ ಹುಡುಗನು ಕಂಬಳಿ ಹೊದ್ದು ಆಕಾಶ ನೋಡುತ್ತ ನ...ಿಂತಿದ್ದನು. ಉತ್ತರದಲ್ಲಿ ಸಪ್ತರ್ಷಿಮಂಡಲ ಮೇಲೆ ಬಂದಿತ್ತು. "ನಮ್ಮಲ್ಲಿ ಇದನ್ನು ದೊಡ್ಡ ಕರಡಿ ಎನ್ನುತ್ತಾರೆ ಮಾವ," ಎಂದನು. ನಮ್ಮಲ್ಲಿಯೂ ಹಾಗೆಯೇ ಎನ್ನುತ್ತಿದ್ದರೆಂದು ಹೇಳಿದೆವು. ಋಕ್ಷ ಶಬ್ದಕ್ಕೆ ಕರಡಿಯೆಂದೂ ನಕ್ಷತ್ರವೆಂದೂ ಎರಡರ್ಥ. ಸಪ್ತರ್ಷಿಗಳಿಗೆ ಹಿಂದೆ ಋಕ್ಷಗಳೆಂಬ ಹೆಸರಿತ್ತೆಂದು ಶತಪಥಬ್ರಾಹ್ಮಣದಲ್ಲಿದೆ. ಗ್ರೀಕರ ಆರ್ಕ್ಟೋಸ್ ಎಂಬುದೂ ಇದೇ ಶಬ್ದದ ಸೋದರ. ಉತ್ತರಧ್ರುವ ಪ್ರದೇಶಕ್ಕೆ ಆರ್ಕ್ಟಿಕ್ ಎಂಬ ಹೆಸರು ಬಂದುದು ಅದರಿಂದ. ಹುಡುಗನು ಎರಡು ಸಲ ಋಕ್ಷ, ಋಕ್ಷ ಎಂದು ಹೇಳಿಕೊಂಡನು.

ಬೆಳಕು ಹರಿದ ಮೇಲೆ ಹಳೆಯ ವಿದ್ಯಾರ್ಥಿಯು ನಮ್ಮನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋದನು. ಇನ್ನೂರು ಹೆಜ್ಜೆಯಾಚೆ ಒಂದು ಹುತ್ತ ಬುಡದವರೆಗೆ ಬಗೆದುಹೋಗಿತ್ತು. ಕೆಂಪುಮಣ್ಣು ಇನ್ನೂ ಹಸಿಯಾಗಿತ್ತು. ಮಗ್ಗುಲಲ್ಲಿ ಮನುಷ್ಯನದರಂತೆ ಅಂಗಾಲು ಮೂಡಿದ ಹೆಜ್ಜೆ, ಅದರ ಮುಂದೆ ಉಗುರುಗಳ ಗೀರು. ನಾವು ನಕ್ಷತ್ರದ ಕರಡಿಯನ್ನು ಕುರಿತು ಪಾಂಡಿತ್ಯ ನಡೆಸುತ್ತಿದ್ದಾಗ ನೆಲದ ಕರಡಿಯು ತನ್ನ ಕೆಲಸ ಮುಗಿಸಿಕೊಂಡು ಹೋಗಿತ್ತು. ನಮ್ಮ ಮಾತು ಕೇಳಿಸುತ್ತಿದ್ದುದರಿಂದಲೇ ಅದು ದಿಗಿಲುಬೀಳಲಿಲ್ಲವೆಂದು ಹಳೆಯ ವಿದ್ಯಾರ್ಥಿಯ ಅಭಿಪ್ರಾಯ. ಹುಡುಗನು ಆ ಹೆಜ್ಜೆಯ ಪಕ್ಕದಲ್ಲಿ ತನ್ನ ಕೈಯಿಟ್ಟು ನೋಡಿ, ಮೆಲ್ಲಗೆ ಎದ್ದನು.

ಅವನು ಜನವರಿಯಲ್ಲಿ ಮರಳಿದನು. ದೋಣಿಯಲ್ಲಿ ಹೋಗಿ ಡೇರೆಯಲ್ಲಿ ಮಲಗುವ ಆಸೆಯುಳ್ಳ ತರುಣರಿಗೆ ಶರಾವತಿಯ ಹಿನ್ನೀರಿನ ಹೊನ್ನೆಮರಡಿನಂಥ ಸ್ಥಳಗಳಿವೆಯೆಂದು ಹೇಳಿ ಕಳುಹಿಸಿದ್ದೇವೆ. ಮುಂದಿನ ಸಲ ಅಲ್ಲಿಗೆ ವಿಚಾರಿಸಿಕೊಂಡು ಬರುತ್ತಾನೆ. ಈ ಬೇಸಿಗೆಯಲ್ಲಿ ಅಲ್ಗಾಂಕ್ವಿನ್ನಿಗೆ ಹೋಗಿ ಬಂದು ಒಂದು ಕಾಗದ ಬರೆದನು. ಆಹಾರದ ಚೀಲವನ್ನು ಎತ್ತರಕ್ಕೆ ಕಟ್ಟಿದನಂತೆ, ಕರಡಿ ಬರಲಿಲ್ಲವಂತೆ. ಅಲ್ಗಾಂಕ್ವಿನ್ ಎಂಬುದು ಆ ಸೀಮೆಯ ಮೂಲನಿವಾಸಿಗಳ ಹೆಸರು, ಭೂರ್ಜದ ತೊಗಟೆಯಿಂದ ಕ್ಯಾನೂ ಕಟ್ಟಿದವರೂ ಅಂಥ ಜನಗಳೇ. ಹದಿನಾಲ್ಕು ವರ್ಷ ಅವರ ದೋಣಿಯಲ್ಲಿ ಅವರ ಹೆಸರಿನ ಕಾಡಿನಲ್ಲಿ ತಿರುಗಿದರೂ ಅವರು ಈಗ ಎಲ್ಲಿದ್ದಾರೆಂದು ಕೇಳಬೇಕೆಂದು ತನಗೆ ಈ ಸಲವೇ ತೋಚಿತು ಎಂದು ಬರೆದಿದ್ದನು. ಕೊನೆಯ ಸಾಲಿನಲ್ಲಿ, ಅಜ್ಜಿಯ ಚೀಟಿ ಏನಾಯಿತು ಎಂದು ಕೇಳಿದ್ದನು.

ಅದಕ್ಕೆ ನಾವು ಬರೆದ ಉತ್ತರವಿಷ್ಟು. ಮುದುಕಿಯ ಹೆಸರಿನಲ್ಲಿ ಒಂದು ಅರ್ಜಿಯನ್ನು ನಾವೇ ಬರೆದು, ಅವಳಿಂದ ಹೆಬ್ಬೆಟ್ಟು ಒತ್ತಿಸಿ ಕೊಟ್ಟಿದ್ದೇವೆ. ಕೇಳಿರುವುದು ರಾತ್ರಿವಾಸವಲ್ಲ, ಬರುವ ಬೇಸಿಗೆಯಲ್ಲಿ ನೀರು ಇಳಿದು ಕಲ್ಲು ಕಂಡರೆ, ಕಾವಲಿನವರ ಜೊತೆಯಲ್ಲಿ, ಒಂದು ಹಗಲು ಹೋಗಿ ಒಂದು ತೆಂಗಿನಕಾಯಿ ಒಡೆದು ಬರುವುದು. ಅಧಿಕಾರಿಗಳು ಅರ್ಜಿಯನ್ನು ಎರಡು ಸಲ ಓದಿ, ಮೇಲಕ್ಕೆ ಕಳುಹಿಸುತ್ತೇವೆಂದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಅರ್ಜಿಯಲ್ಲಿ ಕಾಗುಣಿತದ ತಪ್ಪಂತೂ ಇಲ್ಲ. ಅಷ್ಟನ್ನು ನಾವು ನೋಡಿಕೊಂಡಿದ್ದೇವೆ.